ಎಡಚಿ ಹೊಸೆದ ಹಗ್ಗ

ಮಳವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಸುಲ್ತಾನ್ ಬೀ ಎಡಚಿ. ಅವಳು ಹೊಸೆದ ಹಗ್ಗದ ಹುರಿ ಉಲ್ಟಾ ತಿರುಗಿರುತ್ತಿತ್ತು. ಕಣ್ಣು ಮುಚ್ಚಿ ಬೆರಳಾಡಿಸಿದರೂ ಗೊತ್ತಾಗುತ್ತಿತ್ತು. ಸಂತೆಯಲ್ಲಿ ಯಾರಾದರೂ ಮೂಗು ಮುರಿದರೆ, "ಬ್ಯಾಡ್ವಾ? ನಿನ್ ಎಮ್ಮೇನ ನೀನೇ ಹೊತ್ಕೊಂಡೋಗು," ಅನ್ನುವಳು. ಗಂಡ ಸತ್ತ ಮೇಲೆ ಮಗ ಬಾಬು ಜಾನನನ್ನು ಸಾಕಿದ್ದು ಆ ಬಾಯಿ ಮತ್ತು ಆ ಎಡಗೈ.

ಯುದ್ಧ ಬಂತು. ಬಸ್ಸು ರಿಪೇರಿ ಮಾಡಿಕೊಂಡಿದ್ದ ಬಾಬು ಜಾನ್ ಮಿಲಿಟರಿಗೆ ಸೇರಿದ. ಅದೇ ಹೊತ್ತಿಗೆ ಕಂಟ್ರಾಕ್ಟರ್ ಪುಟ್ಟಮಾದಯ್ಯ ನಮ್ಮೂರಲ್ಲಿ ಗುಂಡು ತುಂಬುವ ಮರದ ಪೆಟ್ಟಿಗೆ ಮಾಡಿಸಲು ಶುರು ಮಾಡಿದ. ಪೆಟ್ಟಿಗೆ ಎತ್ತಲು ಎರಡು ಪಕ್ಕಕ್ಕೂ ಹಗ್ಗದ ಹಿಡಿ ಬೇಕು. ನಾರು ತಂದು ಸುಲ್ತಾನ್ ಬೀ ಮುಂದೆ ಸುರಿದ.

"ನಿನ್ ಮಗನ್ ಕೈಗೇ ಓಗೋ ಪೆಟ್ಗೆ ಕಣಮ್ಮ. ನೀನು ತಡ ಮಾಡುದ್ರೆ ಅವನ್ ಕೋವಿ ಬರಿದು," ಅಂದ.

ಅವನ ನಾಲಿಗೆ ಬಿದ್ದುಹೋಗ! ಹೆತ್ತವಳಿಗೆ ಇನ್ನೇನು ಬೇಕು? ಬಾಬು ಜಾನ್ ಬರ್ಮಾ ಗಡಿಗೆ ಹೊರಟಾಗ ಅವಳು ಬಸ್ಸಿನವರೆಗೂ ಹೋಗಿ ಹೇಳಿದಳು: "ಪೆಟ್ಗೆ ಬಂದಾಗ ಹಗ್ಗ ಮುಟ್ಟಿ ನೋಡು ಬೇಟಾ. ಹುರಿ ಉಲ್ಟಾ ಇದ್ರೆ ನಿಮ್ಮಮ್ಮ ಕಳ್ಸಿದ್ದು."

"ಉಲ್ಟಾ ಇರೋದು ಹಗ್ಗ ಅಲ್ಲಮ್ಮಾ, ನೀನು," ಎಂದು ರೇಗಿಸಿ ಹೋದ ಹುಡುಗ.

ಚಳಿಜ್ವರದಲ್ಲೂ ಹೊಸೆದಳು, ರಂಜಾನ್ ಹಬ್ಬದ ದಿನವೂ ಹೊಸೆದಳು. ಅಂಗೈ ಸುಲಿದರೆ ಅರಿಸಿನ ಮೆತ್ತಿಕೊಂಡು ಮತ್ತೆ ಕೂತಳು. ನಾನು ಬೈದೆ. "ನಿನ್ ಮಗ ಹೋಗಿದ್ರೆ ನೀನು ಮಲಗ್ತಿದ್ಯಾ ಚಿಕ್ಕಬೋರಮ್ಮ?" ಅಂದಳು.

ಬಾಬು ಜಾನ್ ಸತ್ತನೆಂದು ತಂತಿ ಬಂತು. ಎದೆ ಎದೆ ಬಡಿದುಕೊಂಡು ಅತ್ತಳು. ಆಮೇಲೆ ಒಂದೇ ಮಾತು ಹಿಡಿದುಕೊಂಡಳು: "ನನ್ ಹಗ್ಗ ಮುಟ್ಟಿ ಹೋಗಿರ್ತಾನೆ. ಅಷ್ಟು ಸಾಕು." ಅದರ ಮೇಲೇ ಅವಳು ಜೀವ ಹಿಡಿದದ್ದು.

ಯುದ್ಧ ಮುಗಿದ ಮೇಲೆ ಅವನ ಜೊತೆಯಲ್ಲಿದ್ದ ಯಲಿಯೂರಿನ ತಿಮ್ಮಯ್ಯ ಅವಳನ್ನು ನೋಡಲು ಬಂದ. ನಾನೂ ಅಲ್ಲೇ ಇದ್ದೆ. ಟೀ ಕೊಟ್ಟು, ಮಗ ತನ್ನ ಹಗ್ಗ ನೋಡಿದನಾ ಎಂದು ಕೇಳಿದಳು. ಹೂಂ ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ದಡ್ಡ ಮುಂಡೇದು, ನಿಜ ಹೇಳಿತು.

"ಬಂದ್ ಪೆಟ್ಗೆನೆಲ್ಲ ಮುಟ್ಟಿ ಮುಟ್ಟಿ ನೋಡೋನು ಕಣಮ್ಮ. 'ಇದು ನಮ್ಮಮ್ಮಂದಲ್ಲ' ಅನ್ನೋನು. ಆಮೇಲೆ ಪೆಟ್ಗೆ ಬರೋದೇ ನಿಂತೋಯ್ತು. ಗುಂಡಿಲ್ದೆ ಬರೀ ಕೋವಿ ಇಡ್ಕೊಂಡು ಕೂತಿದ್ವಿ. ಅವ್ರು ನುಗ್ಬುಟ್ರು."

ಅವಳು ಚಪ್ಪಲಿಯನ್ನೂ ಮೆಟ್ಟದೆ ಪುಟ್ಟಮಾದಯ್ಯನ ಶೆಡ್ಡಿಗೆ ನಡೆದಳು. ನಾನು ಹಿಂದೆ ಓಡಿದೆ. ತನ್ನ ಹಗ್ಗ ಕಟ್ಟಿದ ಪೆಟ್ಟಿಗೆಗಳು ಎಲ್ಲಿ ಹೋದವು ಎಂದು ಕೇಳಿದಳು.

"ಅವಾ? ಹಡಗಲ್ಲಿ ಓದ್ವು. ಗುಂಡು ತುಂಬೋ ಕಂಪನಿಯೋರು ಇನ್ಯಾವ್ದೋ ದೇಸಕ್ಕೆ ಮಾರುದ್ರು, ಅಲ್ಲಿ ರೇಟು ಜಾಸ್ತಿ," ಅಂದ, ಎಲೆಗೆ ಸುಣ್ಣ ಸವರುತ್ತಾ. "ಯಾರ್ ಕೊಂಡ್ರೆ ನಿಂಗೇನು? ಕೂಲಿ ಬತ್ತಿತ್ತಲ್ಲ."

ಮುಖಕ್ಕೆ ಉಗಿಯುತ್ತಾಳೆ ಅಂದುಕೊಂಡೆ. ಉಗಿಯಲಿಲ್ಲ. ಊರನ್ನೇ ಜಾಡಿಸುತ್ತಿದ್ದ ಬಾಯಿ ಅವತ್ತು ಮುಚ್ಚಿತು.

ನಲವತ್ತೇಳರಲ್ಲಿ ಇನ್ನೊಂದು ದೇಶದಿಂದ ಆರ್ಡರು ಬಂತಂತೆ. ನಾಚಿಕೆಗೆಟ್ಟವನು ಮತ್ತೆ ಅವಳ ಬಾಗಿಲಿಗೇ ನಾರು ತಂದು ಸುರಿದು ಹೋದ.

"ಒಲೆಗಾಕು ಅದ್ನ," ಅಂದೆ ನಾನು.

"ಒಲೆ ಮೇಲೆ ಏನಿಡ್ಲಿ?" ಅಂದಳು.

ಹೊಸೆಯಲು ಕೂತಳು. ಕೈ ತಡವರಿಸುತ್ತಿತ್ತು, ನಾರು ಜಾರುತ್ತಿತ್ತು, ಕಲಿಯುವ ಮಕ್ಕಳು ಹೊಸೆದ ಹಾಗೆ. ಬಗ್ಗಿ ನೋಡಿದೆ. ಬಲಗೈಯಲ್ಲಿ ಹೊಸೆಯುತ್ತಿದ್ದಳು.

"ಈ ಗುಂಡು ಯಾರ್ ಮಗನ್ಗೆ ಬೀಳ್ತದೋ," ಅಂದಳು. "ನಾನು ಕಳ್ಸಿದ್ದು ಅಂತ ಗುರ್ತು ಇರಬಾರ್ದು."