ನೀರು ತಡೆದ ಸಿಂಬಿಡಿಯಂ

ಇಂಡಿ ಊರಿನ ರಂಗೂಬಾಯಿ ಟೀಚರಿಗೆ ಆ ಗಿಡ ತಲುಪಿದ್ದು ೧೯೭೪ರ ದೀಪಾವಳಿಗೆ. ರಜೆಯ ಮೇಲೆ ಹತ್ತಿರದ ತನ್ನ ಊರು ಯಂಕಂಚಿಗೆ ಹೊರಟಿದ್ದ ರೇವಣಪ್ಪನೆಂಬ ಸಿಪಾಯಿ ಅದನ್ನು ತಗಡಿನ ಡಬ್ಬಿಯಲ್ಲಿ, ರೈಲಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಮೂರು ಗಡ್ಡೆ, ನೀಳ ಎಲೆಗಳು. ಕಳಿಸಿದವನು ದೂರದ ಬೆಟ್ಟದೂರು ಕಾಲಿಂಪಾಂಗ್‌ನಲ್ಲಿ ಸೈನ್ಯದಲ್ಲಿದ್ದ ಆಕೆಯ ತಮ್ಮ ವಾಸುದೇವ. ಜೊತೆಗೊಂದು ಚೀಟಿ: ಇದು ಸಿಂಬಿಡಿಯಂ, ಆರ್ಕಿಡ್ ಜಾತಿ, ಹೂ ಬಿಟ್ಟರೆ ಎರಡು ತಿಂಗಳು ಬಾಡುವುದಿಲ್ಲ, ಬಿಟ್ಟ ದಿನ ಕಾಗದ ಬರೆ, ನೋಡಲು ಬರುತ್ತೇನೆ.

ಆರು ವರ್ಷಗಳಲ್ಲಿ ಅವನಿಂದ ಬಂದ ಮೊದಲ ಮಾತು ಅದು. ತಾಯಿ ತೀರಿದಾಗ ಅವನಿಗೆ ರಜೆ ಸಿಕ್ಕಿರಲಿಲ್ಲ. ಎಲ್ಲ ಮುಗಿದ ಮೇಲೆ ಬಂದವನಿಗೆ ರಂಗೂಬಾಯಿ ಬಾಗಿಲಲ್ಲೇ ನಿಂತು, ನೀನಿಲ್ಲದೆಯೂ ನಡೆಯಿತು ಎಂದಿದ್ದಳು. ಅವನು ಚಹಾ ಕೂಡ ಕುಡಿಯದೆ ಹೊರಟುಹೋದ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಇಪ್ಪತ್ತೆರಡು ವರ್ಷ ಮಕ್ಕಳ ಮಗ್ಗಿ ತಿದ್ದಿದ ಆಕೆಗೆ ಆ ಒಂದು ಮಾತನ್ನು ತಿದ್ದುವ ದಾರಿ ತಿಳಿದಿರಲಿಲ್ಲ. ಈಗ ಗಿಡವೇ ದಾರಿಯಾಗಿ ಬಂದಿತ್ತು.

ಡಬ್ಬಿಯಲ್ಲಿದ್ದ ತೊಗಟೆಯ ಚೂರು, ಪಾಚಿ ಎಲ್ಲವನ್ನೂ, ಗಿಡ ಬೆಳೆಯುವುದೇ ಅವುಗಳಲ್ಲೆಂದು ತಿಳಿಯದೆ, ಪ್ರಯಾಣಕ್ಕೆಂದು ತುಂಬಿದ ಕಸವೆಂದುಕೊಂಡು ಚೆಲ್ಲಿದಳು. ಊರಿನ ಅತ್ಯುತ್ತಮ ಎರೆಮಣ್ಣು ತರಿಸಿ, ಕುರಿಗೊಬ್ಬರ ಬೆರೆಸಿ, ಬೇರು ಕಾಣದಂತೆ ಕುಂಡದಲ್ಲಿ ಒತ್ತಿ ನೆಟ್ಟಳು. ಮಳೆಗಾಲದಲ್ಲಿ ಒಂದು ಗಡ್ಡೆ ಕೊಳೆಯಿತು. ಹೆದರಿ ಮಣ್ಣಿಗೆ ಇಟ್ಟಿಗೆಯ ಚೂರು ಸೇರಿಸಿದಳು. ಸವಳು ನೀರಿಗೆ ಎಲೆಯ ತುದಿ ಕಂದುತ್ತಿದ್ದಂತೆ ಕುಡಿಯುವ ಸಿಹಿನೀರಿನಲ್ಲೇ ಪಾಲು ಕೊಟ್ಟಳು. ಉಳಿದೆರಡು ಗಡ್ಡೆ ಬದುಕಿ ಹೊಸ ಎಲೆ ಬಿಟ್ಟವು. ಎರಡು ಚಳಿಗಾಲ ಕಳೆದರೂ ಹೂ ಮಾತ್ರ ಇಲ್ಲ.

ಓಣಿಯ ಕೊನೆಯ ನಿಂಬೆ ತೋಟದ ಗುರುಲಿಂಗಪ್ಪ ಒಮ್ಮೆ ಬಂದು ಗಿಡ ನೋಡಿ ನಕ್ಕ.

"ಬಾಯಾರ, ಇದೆಂಥಾ ಗಿಡರಿ? ಉಳ್ಳಾಗಡ್ಡಿಗೆ ಜ್ವಾಳದ ಎಲಿ ಹಚ್ಚಿದಂಗ ಐತಿ."

ಆಮೇಲೆ ಆಕೆಯ ಮುಖ ನೋಡಿ ಗಂಭೀರನಾದ. ಇಂಡಿಯ ನಿಂಬೆ ಬೆಳೆಗಾರರಿಗೆಲ್ಲ ಗೊತ್ತಿರುವ ಉಪಾಯ ಅವನದು. ಬೇರಿನ ಮೇಲಿನ ಮಣ್ಣು ಕೆದರಿ, ಎಲೆ ಮುರುಟಿ ಉದುರುವ ತನಕ ನೀರು ತಡೆಯುತ್ತಾರೆ. ಮತ್ತೆ ನೀರು ಹಾಯಿಸಿದರೆ ಕೆಲವೇ ದಿನಗಳಲ್ಲಿ ಗಿಡದ ತುಂಬ ಹೂ. ಅವನ ತೋಟದ ಪರಿಮಳ ಆಕೆಯ ಶಾಲೆಯ ಕಿಟಕಿಗೇ ಬರುತ್ತಿತ್ತು. ನಂಬದಿರಲು ಕಾರಣವಿರಲಿಲ್ಲ.

"ಭಾಳ ಜ್ವಾಪಾನ ಮಾಡೀರಿ. ಗಿಡಕ್ಕ ಸಾವಿನ ಅಂಜಿಕಿ ಹುಟ್ಟಬೇಕ್ರಿ, ಅಂದ್ರ ಹೂ ಬಿಡತೈತಿ," ಎಂದ.

೧೯೭೬ರ ಯುಗಾದಿಯ ಮರುದಿನ ಆಕೆ ಮಣ್ಣು ಕೆದರಿ ನೀರು ನಿಲ್ಲಿಸಿದಳು. ಬಿಳಿ ಬೇರುಗಳು ಬಿಸಿಲಿಗೆ ಬಿದ್ದವು. ಗಡ್ಡೆಗಳು ಮುದುಕಿಯ ಕೆನ್ನೆಯಂತೆ ಸುಕ್ಕಾದಾಗ ಅದು ಒಳ್ಳೆಯ ಲಕ್ಷಣವೆಂದು ಮನಸ್ಸು ಗಟ್ಟಿ ಮಾಡಿಕೊಂಡಳು. ಬೆಳಿಗ್ಗೆ ತಂಬಿಗೆ ಹಿಡಿದು ಕುಂಡದ ತನಕ ಹೋಗಿ, ತನ್ನ ಕೈಯನ್ನು ತಾನೇ ತಡೆದು ಹಿಂದಿರುಗುತ್ತಿದ್ದಳು. ಎಲೆಗಳು ಉದುರಿದ ದಿನ ಕೊಡ ತುಂಬ ನೀರೆರೆದಳು. ನಾಲ್ಕನೆಯ ದಿನ ಮುಟ್ಟಿದರೆ ಗಡ್ಡೆ ಬೆರಳಿಗೇ ಮೆತ್ತಿಕೊಂಡಿತು. ಎರಡನೆಯದೂ ಹಾಗೆಯೇ ಹೋಯಿತು.

ಸುದ್ದಿ ಕೇಳಿ ಬಂದ ಗುರುಲಿಂಗಪ್ಪ ಕುಂಡದ ಮಣ್ಣು ಕೆದರಿ ನೋಡಿ ಕಟ್ಟೆಯ ಮೇಲೆ ಕೂತ. ಆಮೇಲೆ ಕೇಳಿದ: "ತಮ್ಮಗ ಏನಂತ ಬರದ್ರಿ?"

"ಹೂ ಇನ್ನೂ ಬಂದಿಲ್ಲಂತ."

"ಸತ್ತದ್ದು?"

"ಬರೀಲಿಕ್ಕೆ ಕೂತೆ. ಕೈ ಏಳಲಿಲ್ಲ, ಗುರುಲಿಂಗಪ್ಪ."

ಹೂವಿಲ್ಲದಿದ್ದರೂ ಬಾ ಎಂದೂ ಬರೆಯಲಾಗಲಿಲ್ಲ ಎಂಬುದನ್ನು ಆಕೆ ಹೇಳಲಿಲ್ಲ. ಅಂದು ಬಾಗಿಲಲ್ಲಿ ಅಷ್ಟು ಸುಲಭವಾಗಿ ಓಡಿದ್ದ ನಾಲಿಗೆ ಈ ಎರಡು ಶಬ್ದಕ್ಕೆ ಒಣಗುತ್ತಿತ್ತು.

ಶ್ರಾವಣದಲ್ಲಿ ವಾಸುದೇವನ ಉತ್ತರ ಬಂತು. ಕೆಲವು ಗಿಡಗಳು ತಡಮಾಡುತ್ತವೆ, ಅವಸರಪಡಬೇಡ, ಎಷ್ಟು ವರ್ಷವಾದರೂ ಸರಿ, ನಾನು ಕಾಯುತ್ತೇನೆ ಎಂದು ಬರೆದಿದ್ದ. ಅಕ್ಷರಗಳಲ್ಲಿ ಹಳೆಯ ಸಲಿಗೆ ಇತ್ತು. ರಂಗೂಬಾಯಿ ಎರಡು ಸಲ ಓದಿದಳು. ಶಾಲೆಗೆ ಹೊತ್ತಾಗಿತ್ತು, ಕಾಗದವನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಬರಿದಾದ ಕುಂಡದ ಪಕ್ಕದಿಂದ ನಡೆದು ಹೋದಳು.