ಕಳ್ಳಿ ತೋಟದ ರತ್ನಪಕ್ಷಿ

ಯುಗಾದಿ ಮುಗಿದ ಮೇಲಿನ ಮಾತು. ಕುಷ್ಟಗಿಯ ಆಚೆ ಬರೀ ಕಳ್ಳಿಗಳನ್ನೇ ನೆಟ್ಟು ಬೆಳೆಸಿದ ತೋಟವೊಂದಿದೆ. ಶಾಲೆಯ ಮಾಸ್ತರರೊಬ್ಬರು ಹಕ್ಕಿ ತೋರಿಸುತ್ತೇನೆಂದು ನಮ್ಮ ಓಣಿಯ ಐದಾರು ಮಂದಿಯನ್ನು ಅಲ್ಲಿಗೆ ಕರೆದೊಯ್ದರು. ನನಗೆ ಹಕ್ಕಿಯ ಹುಚ್ಚಿಲ್ಲ. ನೆಗೆಣ್ಣಿಗಾಗಿ ಹೋದೆ. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಮರುದಿನ ಕೊಪ್ಪಳದಲ್ಲಿ ಆಪರೇಷನ್. ಹಿಂದೆಯೂ ಹೊರಟು ನಿಂತು ಹೆದರಿ ತಪ್ಪಿಸಿಕೊಂಡಿದ್ದಳು. ಈ ಸಲ, "ರತ್ನಪಕ್ಷಿ ಕಣ್ಣಿಗೆ ಬಿದ್ರ ಹೋಗ್ತೀನಿ, ಇಲ್ಲಾಂದ್ರ ಇಲ್ಲ" ಎಂದು ಹಟ ಹಿಡಿದಳು. ಕೆಲಸಕ್ಕೆ ಹೊರಡುವ ಮುಂಚೆ ಅದರ ದರ್ಶನವಾದರೆ ಒಳ್ಳೆಯದೆಂದು ನಮ್ಮ ಕಡೆಯ ನಂಬಿಕೆ.

"ಯಕ್ಕಾ, ಕಣ್ಣ ಕಾಣೂದಿಲ್ಲ, ಹಕ್ಕಿ ಹೆಂಗ ಕಾಣ್ತೈತಿ?" ಎಂದೆ.

"ನಿನ್ನ ಮಾರಿ ಕಾಣೂದಿಲ್ಲಲ್ಲ, ಅಷ್ಟರ ಸುಖ ಐತಿ."

ಬಿಸಿಲು ಇನ್ನೂ ಎಳೆಯದು. ಮುಳ್ಳು ಮುಳ್ಳಿಗೂ ಬೆಳಕು ಹತ್ತಿ, ಕಳ್ಳಿಗಳು ಹೊಗೆಯಲ್ಲಿ ನಿಂತಂತೆ ಕಂಡವು. ಹಳದಿ ಹೂಗಳೊಳಗೆ ಜೇನು ಗುಂಯ್‌ಗುಡುತ್ತಿತ್ತು. ನಿದ್ದೆಯಲ್ಲಿ ನಡೆದ ಹಾಗೆ ನಡೆದೆವು. ಮುಳ್ಳು ತಾಗದ ಹಾಗೆ ಅವಳ ಕೈ ಹಿಡಿದು ನಡೆಸಿದೆ.

ಊಪ್, ಊಪ್ ಎಂದು ಕೊಡದೊಳಗಿಂದ ಬಂದಂಥ ದನಿ. ಮಾಸ್ತರರು ಪಿಸುಗುಟ್ಟಿದರು: "ಕೆಂಬೂತ."

"ಭೂತ ಅನಬ್ಯಾಡ್ರಿ, ರತ್ನಪಕ್ಷಿ ಅನ್ರಿ," ಎಂದಳು ನೆಗೆಣ್ಣಿ.

ಅದು ಕಳ್ಳಿಯ ಬುಡದಲ್ಲಿ ಮಿಸುಕದೆ ಕೂತಿತ್ತು. ಮಾಸ್ತರರು ದುರ್ಬೀನನ್ನು ಅವಳ ಕಣ್ಣಿಗೆ ಹಿಡಿದರು.

"ಎಲ್ಲಾ ಮಬ್ಬು ಐತ್ರಿ."

ನನ್ನ ಕಡೆ ತಿರುಗಿದಳು. ಕಂಡಿತೆಂದುಕೋ ಎನ್ನಬಹುದಿತ್ತು. ಆದರೆ ನೋಡಬೇಕಾದವಳು ಅವಳು.

ಅವಳು ನನ್ನ ಕೈಯಿಂದ ಕೊಸರಿಕೊಂಡು, ಎದೆ ತುಂಬ ಉಸಿರೆಳೆದು, "ಹೋಯ್! ಹಾ ಹೋಯ್!" ಎಂದು ಕೂಗಿಬಿಟ್ಟಳು. ಜೋಳದ ಹೊಲದಲ್ಲಿ ಹಕ್ಕಿ ಕಾಯುವ ಕೂಗು. ನಮ್ಮಲ್ಲಿ ಹಕ್ಕಿ ಕಾಯುವುದೆಂದರೆ ಓಡಿಸುವುದೇ. ಹಕ್ಕಿ ಎದ್ದಿತು. ಅದರ ಇಟ್ಟಂಗಿ ಬಣ್ಣದ ರೆಕ್ಕೆಗಳು ಬಿಸಿಲಿಗೆ ಹೊತ್ತಿಕೊಂಡವು. ನಮ್ಮ ಮುಂದೆಯೇ ಮೆಲ್ಲಗೆ ತೇಲಿ ಹೋಯಿತು.

"ಯಮ್ಮಾ, ಓಡಿಸಿಬಿಟ್ರಲ್ಲ!" ಮಾಸ್ತರರು ಹಣೆ ಹಿಡಿದುಕೊಂಡರು.

"ಕುಂತಿದ್ದು ಕಾಣಲಿಲ್ರಿ. ಹಾರಿದ್ದು ಕಂಡ್ತು. ಕೆಂಪಗ, ಇಷ್ಟಗಲ."

ಹಕ್ಕಿ ಹೋದ ದಿಕ್ಕಿಗೂ ಶಾಸ್ತ್ರವಿದೆಯೆಂದು ನಾನು ಕೇಳಿದೆ: "ಬಲಕ್ಕ ಹೋತೊ, ಎಡಕ್ಕೊ?"

"ಬಾಯಿ ಮುಚ್ಚು. ನಾಳಿ ಬಸ್ಸು ಎಷ್ಟೊತ್ತಿಗೈತಿ, ಅದನ್ನ ಹೇಳು," ಎಂದಳು.