ದೊಡ್ಡವ್ವನ ಕೈಲಿ ಕೊಡಿಸಿದ ಮಾತ್ರೆ

ದೊಡ್ಡವ್ವ, ನಿಮ್ಮ ಸೊಸೆ ಜಯನಿಗೆ ನಾನು ನಾಕು ವರ್ಷ ಕೊಟ್ಟಿದ್ದು ಶಕ್ತಿ ಮಾತ್ರೆ ಅಲ್ಲ. ಬಸುರಿ ಆಗದಂಗೆ ತಡೆಯೋ ಮಾತ್ರೆ. ಅದನ್ನ ದಿನಾ ಸಂಜೆ ಹಾಲಿನ ಲೋಟದ ಜೊತೆ ಅವಳ ಕೈಗೆ ಇಟ್ಟೋರು ನೀವು. ಇಡಿಸ್ದೋಳು ನಾನು.

ಬರೆದ್ಬುಟ್ಟೆ. ಇಷ್ಟು ಬರೆಯೋಕೆ ಒಂದೊತ್ತು ಬೇಕಾಯ್ತು. ಮೊಮ್ಮಗಳು ಫೋನಲ್ಲಿ ಕನ್ನಡ ಒತ್ತೋದು ಹೇಳ್ಕೊಟ್ಟು ಹದಿನೈದು ದಿನ ಆಗದೆ, ಇಲ್ಲೀಗಂಟ ನಾನು ಬರೆದಿರೋದೆಲ್ಲ "ಊಟ ಆಯ್ತಾ", "ಗ್ಯಾಸ್ ಮುಗೀತು" ಅಷ್ಟೇ. ಅಜ್ಜಿ, ನೀನು ಒಂದೊಂದು ಅಕ್ಷರ ಒತ್ತುವಾಗ್ಲೂ ನಾಲಿಗೆ ಆಚೆ ಬತ್ತದೆ ಅಂತ ಅವಳು ನಗ್ತಾಳೆ. ಬರಲಿ ಬುಡು ಅಂದೆ, ಇಪ್ಪತ್ತೈದು ವರ್ಷದ ಮೇಲಾಯ್ತು ಅದನ್ನ ಒಳಗೇ ಇಟ್ಕೊಂಡು.

ನಿಮಗೆ ಓದೋಕೆ ಬರಲ್ಲ, ಯಾರಾದ್ರೂ ಓದಿ ಹೇಳ್ಬೇಕು. ಓದೋರು ಯಾರೇ ಆಗ್ಲಿ, ಅವರಿಗೂ ತಿಳೀಲಿ ಅಂತ ಮೊದಲಿಂದ ಹೇಳ್ತೀನಿ.

ನಾನು ಆಗ ಬೆಟ್ಟದಪುರದ ಬೆಟ್ಟದ ಕೆಳಗೆ, ನಿಮ್ಮೂರಿನ ಆರೋಗ್ಯ ಉಪಕೇಂದ್ರದ ನರ್ಸು. ನಮ್ಮೂರು ಭೇರ್ಯ. ಗಂಡನ್ನೂ ಒಂದು ಮಗೀನೂ ಕಟ್ಕೊಂಡು, ಒಂದು ಕಬ್ಬಿಣದ ಪೆಟ್ಟಿಗೆ ತಂದಿಟ್ಟಿದ್ದೆ. ಸರ್ಕಾರದ ನರ್ಸು ಅಂದ್ರೆ ಅವಾಗ ಹೆಂಗಸ್ರು ಬಾಗ್ಲು ಹಾಕೋರು — ಆಪರೇಷನ್‌ಗೆ ಎಳ್ಕೊಂಡು ಹೋಯ್ತಾಳೆ ಅಂತ. ಬಾಗ್ಲು ತೆಗೆದಿಟ್ಟಿದ್ದೋರು ನೀವೊಬ್ರೇ. ಜಗಲಿ ಮೇಲೆ ಕೂತು ಅವರೆಕಾಯಿ ಬುಡಿಸ್ತಾ ಕೇಳಿದ್ರಿ, ಮನೆಮನೆಗೆ ಬಂದು ಮಕ್ಕಳು ಸಾಕು ಅಂತೀಯಲ್ಲ, ನಿಂಗೆಷ್ಟು ಅಂತ. ಒಂದು ಅಂದೆ.

"ಅಂಗಾರೆ ಸರ್ಕಾರದ್ ಮಾತ್ ಕೇಳ್ದೋಳು ನೀನೊಬ್ಳೇ ಕಣವ್ವ. ಬಾ, ಮುದ್ದೆ ಉಣ್ಣು" ಅಂದ್ರಿ.

ಆವತ್ತಿಂದ ನನ್ನ ಊಟ ಅರ್ಧ ನಿಮ್ಮನೇಲೇ. ನನ್ನ ಮಗೂಗೆ ಹುಷಾರಿಲ್ದಾಗ ರಿಜಿಸ್ಟ್ರಲ್ಲಿ ನಾನು ಊರವರ ಮಕ್ಕಳ ತೂಕ ಬರೀತಿದ್ರೆ, ನನ್ನ ಮಗೀನ ಕಾಲ ಮೇಲೆ ಹಾಕ್ಕೊಂಡು ತಟ್ಟುತಿದ್ದೋರು ನೀವು. ಇದನ್ನೆಲ್ಲ ಯಾಕೆ ಹೇಳ್ತೀನಿ ಅಂದ್ರೆ — ಮೋಸ ಮಾಡ್ದೋಳು ಯಾರೋ ದಾರಿಹೋಕಳಲ್ಲ, ನಿಮ್ಮ ಅನ್ನ ಉಂಡೋಳು ಅಂತ ಗೊತ್ತಾಗ್ಲಿ.

ಜಯನಿಗೆ ಮೊದಲ್ನೇದು ಹೆಣ್ಣು. ಎರಡನೇದೂ ಹೆಣ್ಣೇ, ಪವಿತ್ರ. ಎರಡನೇ ಹೆರಿಗೇಲಿ ರಕ್ತ ನಿಲ್ಲದೆ ಪಿರಿಯಾಪಟ್ಟಣಕ್ಕೆ ಟ್ರ್ಯಾಕ್ಟರಲ್ಲಿ ಹಾಕ್ಕೊಂಡು ಹೋದ್ವಿ, ದಾರಿ ಉದ್ದಕ್ಕೂ ನಾನು ಅವಳ ಹೊಟ್ಟೆ ನೀವ್ತಾ ಕೂತಿದ್ದೆ. ಜೀವ ಉಳೀತು. ಡಾಕ್ಟ್ರು ನನ್ನನ್ನೂ ಜಯನ್ನೂ ಕರೆದು, ಮೈಯಲ್ಲಿ ರಕ್ತಾನೇ ಇಲ್ಲ, ಇನ್ನು ಮೂರ್ನಾಕು ವರ್ಷ ಬಸುರಿ ಆಗ್ಬಾರ್ದು, ಆದ್ರೆ ನಾನು ಜವಾಬ್ದಾರ ಅಲ್ಲ ಅಂದ್ರು.

ನಿಮಗೆ ಅದನ್ನ ಒಂದು ಸಲ ಹೇಳ್ದೆ. ಒಂದೇ ಸಲ. ನೀವು ನಕ್ಕುಬುಟ್ರಿ. "ನಾನು ಆರ್ ಎತ್ತಿವ್ನಿ, ಒಗೆಸೊಪ್ಪು ಕಟ್ತಾ ಕಟ್ತಾನೇ ಎತ್ತಿವ್ನಿ. ಒಂದು ಗಂಡಾಗ್ಲಿ, ಆಮ್ಯಾಕೆ ನೀನೇ ಕರ್ಕಂಡೋಗಿ ಆಪರೇಸನ್ ಮಾಡ್ಸು" ಅಂದ್ರಿ. ಜಯನ ಗಂಡ ಶಿವಣ್ಣ, ಅವ್ವಂಗೆ ನೀವೇ ಹೇಳಿ ಅಂತ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಕಡೆ ನಡೆದ. ನಾನೂ ಸುಮ್ನಾದೆ. ಇನ್ನೊಂದು ಸಲ ಕೂತ್ಕೊಂಡು, ಆ ಟ್ರ್ಯಾಕ್ಟರಲ್ಲಿ ನಾನು ಕಂಡದ್ದನ್ನ ಬುಡಿಸಿ ಹೇಳಿದ್ರೆ ನೀವು ಕೇಳ್ತಿದ್ರೋ ಏನೋ — ನಾನು ಸಂಬಳ ತಗೋತಿದ್ದದ್ದು ಅದಕ್ಕೇ ಅಲ್ವಾ, ಬುಡಿಸಿ ಹೇಳೋದಕ್ಕೆ.

ಆಮೇಲೆ ಒಂದಿನ ಜಯ ಬ್ಯಾರನ್ ಹಿಂದುಗಡೆ ನನ್ನನ್ನ ನಿಲ್ಲಿಸಿದ್ಲು. ಸೊಪ್ಪಿನ ಅಂಟಿಗೆ ಅವಳ ಬೆರಳೆಲ್ಲ ಕರ್ರಗಾಗಿದ್ವು.

"ಅಕ್ಕ, ನಂಗೆ ಸಾಯಕ್ಕೆ ಇಷ್ಟ ಇಲ್ಲ. ಏನಾದ್ರೂ ಕೊಡಿ. ಅತ್ತೆಗೆ ಗೊತ್ತಾಗ್ಬಾರ್ದು."

ಮಾತ್ರೆ ಕೊಟ್ಟೆ. ಅದರಲ್ಲಿ ತಪ್ಪಿಲ್ಲ ಅಂತ ಇವತ್ತೂ ಹೇಳ್ತೀನಿ. ಅವಳ ಮೈ, ಅವಳ ಜೀವ, ಅವಳು ಕೇಳಿದ್ಲು. ತಪ್ಪು ಆಮೇಲಿಂದು, ಪೂರಾ ನಂದು.

ಜಯ ಬೆಳಗಾಗೋಕೆ ಮುಂಚೆ ಎದ್ದು ಸೊಪ್ಪಿನ ಕೆಲಸಕ್ಕೆ ನಿಂತ್ರೆ ಅವಳಿಗೆ ತನ್ನ ಹೆಸರೂ ನೆಪ್ಪಿರ್ತಿರ್ಲಿಲ್ಲ. ಮೊದಲ ತಿಂಗಳೇ ಎರಡು ದಿನ ಮಾತ್ರೆ ಮರೆತ್ಲು. ಇವಳು ಇಂಗೆ ಮರೆತ್ರೆ ಬಸುರಿ ಆಗೋದು ಖಂಡಿತ ಅಂತ ನನಗೆ ದಿಗಿಲು. ಮರೀದಂಗೆ ದಿನಾ ಕೊಡೋರು ಬೇಕು. ಆ ಮನೇಲಿ ಒಂದು ಕೆಲಸ ಹಿಡಿದ್ರೆ ಬುಡದೋರು ಯಾರು? ನೀವು.

ಆ ಯೋಚನೆ ಬಂದಾಗ ಉಪಕೇಂದ್ರದಲ್ಲಿ ಒಬ್ಬಳೇ ಕೂತು ನಕ್ಕಿದ್ದೀನಿ ದೊಡ್ಡವ್ವ. ಆ ನಗು ಇವತ್ತೂ ನೆಪ್ಪದೆ. ಅದಕ್ಕೇ ಹೇಳ್ತೀನಿ, ದಾರಿ ಕಾಣದೆ ಮಾಡ್ದೆ ಅಂತ ನಾನು ಹೇಳೋ ಹಂಗಿಲ್ಲ. ತಮಾಷೆ ಅನ್ನಿಸಿ ಮಾಡ್ದೆ.

ಮಾತ್ರೆ ಕವರ್ ಮೇಲೆ ಕುಟುಂಬ ಯೋಜನೆ ಕೆಂಪು ತ್ರಿಕೋನ ಇರ್ತಿತ್ತು. ಅದನ್ನ ಶಾಲೆ ಗೋಡೆ ಮೇಲೂ ಬರೆದಿದ್ರು, ಓದು ಬರದಿದ್ರೂ ನಿಮಗೆ ಅದರ ಗುರುತು ಗೊತ್ತು. ಕವರ್ ಹರಿದು ಒಲೆಗೆ ಹಾಕಿ ಬರೀ ಮಾತ್ರೆ ಹಾಳೆ ತಂದು ನಿಮ್ಮ ಕೈಲಿಟ್ಟೆ. ಇದು ರಕ್ತ ಬರೋ ಮಾತ್ರೆ, ದಿನಕ್ಕೊಂದು, ಒಂದು ದಿನಾನೂ ತಪ್ಪಬಾರ್ದು, ಜಯನ ಕೈಗೆ ಕೊಟ್ರೆ ಮರೀತಾಳೆ ಅಂದೆ. ಆ ಹಾಳೇಲಿ ಬೆಳ್ಳಗಿರೋ ಮಾತ್ರೆ ಇಪ್ಪತ್ತೊಂದು, ಕಡೇಲಿ ಕಂದು ಬಣ್ಣದವು ಏಳು. ಆ ಏಳು ನಿಜವಾಗ್ಲೂ ರಕ್ತಕ್ಕೆ ಕೊಡೋ ಕಬ್ಬಿಣದ ಮಾತ್ರೇನೇ. ನೋಡು, ಕಾಲು ಭಾಗ ನಿಜಾನೇ ಹೇಳಿವ್ನಿ ಅಂತ ನನಗೆ ನಾನೇ ಹೇಳ್ಕೊಂಡೆ. ಎಂಥಾ ಬುದ್ಧಿ!

ನೀವು ಹಾಳೇನ ದೇವರ ಗೂಡಲ್ಲಿ ಕುಂಕುಮದ ಬಟ್ಟಲ ಪಕ್ಕ ಇಟ್ರಿ. ದಿನಾ ದೀಪ ಹಚ್ಚಿ, ಕೈಮುಗಿದು, ಒಂದು ಮಾತ್ರೆ ಕಿತ್ತು, ಲೋಟದ ತುಂಬ ಹಾಲು ಹುಯ್ದು, ಜಯ ನುಂಗೋಗಂಟ ಎದುರಿಗೇ ನಿಂತಿರ್ತಿದ್ರಿ. ಇಡೀ ಹೋಬಳೀಲಿ ಆ ಮಾತ್ರೆ ಅಷ್ಟು ಕಟ್ಟುನಿಟ್ಟಾಗಿ ಯಾರ ಮನೇಲೂ ನಡೀಲಿಲ್ಲ. ಒಂದಿನ ನನ್ನನ್ನ ಪಕ್ಕಕ್ಕೆ ಕರೆದು, ನನ್ನ ಮಂಡೀಲೂ ವಸಿ ಶಕ್ತಿ ಇಲ್ಲ, ನಾನೂ ಒಂದೊಂದು ನುಂಗ್ಲಾ ಅಂತ ಕೇಳಿದ್ರಿ. ಬೇಡ ಬೇಡ, ವಯಸ್ಸಾದೋರಿಗೆ ಬೇರೆ ಅದೆ ಅಂತ ಸುಣ್ಣದಂಶದ ಮಾತ್ರೆ ತಂದ್ಕೊಟ್ಟೆ. ಜಯನೂ ನಾನೂ ಹಿತ್ತಲಲ್ಲಿ ನಿಂತು ಸೆರಗು ಬಾಯಿಗೆ ತುರುಕ್ಕೊಂಡು ನಕ್ವಿ.

ನಗು ಅಲ್ಲೀಗೇ ನಿಂತಿದ್ರೆ —

ವರ್ಷ ಆಯ್ತು, ಎರಡಾಯ್ತು, ಜಯ ಬಸುರಿ ಆಗ್ಲಿಲ್ಲ. ನೀವು ಸೋಮವಾರ ಸೋಮವಾರ ಶಿವನ ಗುಡಿಗೆ ಬೆಟ್ಟ ಹತ್ತೋಕೆ ಶುರು ಮಾಡಿದ್ರಿ. ಬರೀ ಕಾಲಲ್ಲಿ, ಒಂದು ತೊಟ್ಟು ನೀರು ಕುಡೀದೆ. ಆ ಬೆಟ್ಟದ ಮೆಟ್ಲು ನೋಡಿದೋರಿಗೆ ಗೊತ್ತು, ವಯಸ್ಸಿನ ಹುಡುಗ್ರೇ ಅರ್ಧಕ್ಕೆ ಕೂತ್ಕೋತಾರೆ. ಸುಮ್ನೆ ಮೊಮ್ಮಗನಿಗೆ ಹರಕೆ ಅನ್ಕೊಂಡೆ. ಹತ್ತಲಿ, ಬೇಜಾರಾಗಿ ಬುಡ್ತಾರೆ ಅನ್ಕೊಂಡೆ. ನೀವು ಯಾವತ್ತು ಏನನ್ನ ಬುಟ್ಟೋರು?

ಮೂರನೇ ವರ್ಷ ಒಂದು ಸೋಮವಾರ ನನ್ನೂ ಜೊತೆಗೆ ಕರೆದ್ರಿ. ಹತ್ತುವಾಗ ಹೆಂಗೋ ಹತ್ತಿದ್ರಿ. ಇಳಿಯುವಾಗ ಮಂಡಿ ಮಡಚೋಕೇ ಆಗ್ಲಿಲ್ಲ. ಒಂದೊಂದು ಮೆಟ್ಲೂ ಕೂತು, ಕೈ ಊರಿ, ಜರುಗಿ ಜರುಗಿ ಇಳಿದ್ರಿ, ಚಿಕ್ಕಮಕ್ಕಳು ಇಳಿಯಲ್ವಾ ಅಂಗೆ. ನಾನು ಒಂದು ಮೆಟ್ಲು ಕೆಳಗೆ ನಿಂತು ನಿಮ್ಮ ಪಾದ ಹಿಡ್ಕೊಂಡು ಬತ್ತಿದ್ದೆ. ಪಾದ ಎರಡೂ ಒಡೆದು ರಕ್ತ ಜಿನುಗ್ತಿತ್ತು. ಇನ್ನು ಸಾಕು ದೊಡ್ಡವ್ವ, ಯಾರಿಗೋಸ್ಕರ ಇಷ್ಟು ಅಂದೆ. ನೀವು ಸೆರಗಲ್ಲಿ ಮೊಖ ಒರೆಸ್ಕೊಂಡು ಹೇಳಿದ್ರಿ —

"ಮೊಮ್ಮಗನ್ ಕೇಳಕ್ಕೆ ಬತ್ತಿಲ್ಲ ಕಣವ್ವ. ತಪ್ಪಾಯ್ತು ಅನ್ನಕ್ಕೆ ಬತ್ತಿವ್ನಿ. ಪವಿತ್ರ ಉಟ್ಟಾಗ ಆ ಮಗೀನ ನಾನು ಎತ್ಕಳ್ನಿಲ್ಲ. ಇದೂ ಎಣ್ಣಾ ಅಂತ ಮೊಕ ತಿರುಗಿಸ್ಕಂಡು ಎದ್ದೋದೆ. ಕೊಟ್ಟದ್ದ ಬ್ಯಾಡ ಅಂದೋಳ್ಗೆ ಇನ್ಯಾಕ್ ಕೊಡ್ಲಿ ಅಂತ ಅವ್ನು ಬಾಗ್ಲು ಆಕ್ಬುಟ್ಟ. ನನ್ನ ಸೊಸೆ ಮಡ್ಲು ಒಣಗ್ಸಿದ್ದು ನಾನೇ."

ಬಾಯಿ ತೆಗೆದೆ. ಶಿವನಾಣೆ, ತೆಗೆದೆ ದೊಡ್ಡವ್ವ. ಬಾಗ್ಲು ಹಾಕಿರೋದು ಅವನಲ್ಲ, ನಾನು ಅನ್ನೋ ಮಾತು ನಾಲಿಗೆ ತುದೀಲಿತ್ತು. ನಾವಿಬ್ಬರೇ ಇದ್ವಿ. ಹೇಳೋಕೆ ಅದಕ್ಕಿಂತ ಒಳ್ಳೆ ಜಾಗ ಇರ್ಲಿಲ್ಲ. ನಾನಂದದ್ದು ಏನು ಗೊತ್ತಾ? "ನೀರು ಕುಡೀರಿ."

ಅಷ್ಟೇ.

ಯಾಕೆ ಹೇಳ್ಲಿಲ್ಲ ಅಂತ ಬಾಳ ಯೋಚನೆ ಮಾಡಿವ್ನಿ. ಜಯನಿಗೆ ಕೊಟ್ಟ ಮಾತಿತ್ತು, ಹೌದು. ಗುಟ್ಟು ಬಯಲಾದ್ರೆ ಊರಲ್ಲಿ ಒಬ್ಬರೂ ನನ್ನನ್ನ ಹೊಸ್ತಿಲೊಳಕ್ಕೆ ಬುಡಲ್ಲ, ಇನ್ನೊಬ್ಬ ಜಯನಿಗೆ ಮಾತ್ರೆ ಸಿಕ್ಕಲ್ಲ ಅನ್ನೋದೂ ಇತ್ತು. ಆದ್ರೆ ಅವೆರಡೂ ಆಮೇಲೆ ಹುಡುಕ್ಕೊಂಡ ಕಾರಣ. ಆ ಮೆಟ್ಲ ಮೇಲೆ ನನಗಿದ್ದದ್ದು ಒಂದೇ ಭಯ — ನೀವು ನನ್ನನ್ನ ಮಗಳೇ ಅಂತ ಕರೆಯೋದು ನಿಲ್ಲಿಸ್ಬುಡ್ತೀರಿ ಅಂತ.

ಆಮೇಲೂ ಒಂದು ವರ್ಷ ನೀವು ಹತ್ತಿದ್ರಿ. ಆಮೇಲೂ ಒಂದು ವರ್ಷ ನೀವೇ ಮಾತ್ರೆ ಕೊಟ್ರಿ. ಜಯ ಗಟ್ಟಿಯಾದ ಮೇಲೆ ಕೇಳ್ದೆ, ಏನಮ್ಮ, ಇನ್ನು ನಿಲ್ಲಿಸೋಣ್ವಾ ಅಂತ. ಬೇಡ ಅಕ್ಕ, ನಂಗೆ ಇವೆರಡೇ ಸಾಕು ಅಂದ್ಲು, ತಾನಾಗೇ ಬಂದು ಬಸುರಿ ಆಗದಂಗೆ ಒಳಗೆ ವಂಕಿ ಹಾಕಿಸ್ಕೊಂಡ್ಲು. ಅಷ್ಟೊತ್ತಿಗೆ ನಿಮ್ಮ ಮಂಡಿ ಮುಗಿದಿತ್ತು. ನಂಗೆ ಹೆಗ್ಗಡದೇವನಕೋಟೆ ಕಡೆ, ಹಂಪಾಪುರಕ್ಕೆ ವರ್ಗ ಆಯ್ತು. ಹೊರಡೋ ದಿನ ನೀವು ಗೋಡೆ ಹಿಡ್ಕೊಂಡು ಬಸ್ ಸ್ಟ್ಯಾಂಡ್‌ಗಂಟ ಬಂದು, ಮಡಿಲಿಗೆ ಅವರೆಕಾಯಿ ಸುರಿದು ಅತ್ರಿ. ನಾನೂ ಅತ್ತೆ. ನಿಮ್ಮ ಅಳುವೇ ಬೇರೆ, ನನ್ನ ಅಳುವೇ ಬೇರೆ.

ಒಳ್ಳೇದೇ ಆಯ್ತಲ್ಲ ಅಂತ ನನ್ನೊಳಗೊಬ್ಬಳು ವಕೀಲಮ್ಮ ಎಷ್ಟೋ ಸಲ ಎದ್ದು ನಿಂತಿದ್ದಾಳೆ. ಜಯ ಬದುಕಿದ್ಲು. ಆ ಪಶ್ಚಾತ್ತಾಪಕ್ಕೇ ನೀವು ಪವಿತ್ರನ್ನ ನೆಲಕ್ಕಿಡದೆ ಸಾಕಿದ್ರಿ, ಓದಿಸಿ ಅಂತ ಮಗನ ಹತ್ರ ಹಟ ಹಿಡಿದ್ರಿ, ಅವಳು ಮೇಷ್ಟ್ರಮ್ಮ ಆದ್ಲು. ಎಲ್ಲ ದಿಟ. ಆದ್ರೆ ಅದು ನಿಮ್ಮ ದೊಡ್ಡತನ, ನನ್ನ ಸುಳ್ಳಿನ ಪುಣ್ಯ ಅಲ್ಲ. ಅವಳನ್ನ ನೀವು ಮುದ್ದು ಮಾಡೋಕೆ ಮಂಡಿ ಸವೆಸ್ಬೇಕಾಗಿರ್ಲಿಲ್ಲ.

ಈಗ ಯಾಕೆ ಅಂತೀರಾ? ಹೋದ ತಿಂಗಳು ಪವಿತ್ರನ ಸೀಮಂತಕ್ಕೆ ಬಂದಿದ್ನಲ್ಲ. ನಿಮ್ಮನ್ನ ಎತ್ತಿ ತಂದು ಕುರ್ಚೀಲಿ ಕೂರಿಸಿದ್ರು. ಬಳೆ ತೊಡಿಸೋ ಹೆಂಗಸ್ರೆಲ್ಲ ನಗ್ತಾ ಇದ್ರು. ನೀವು ಪವಿತ್ರನ ಅತ್ತೆ ಕೈ ಹಿಡ್ಕೊಂಡು, ಎಣ್ಣಾದ್ರೂ ಮೊಕ ತಿರುಗಿಸ್ಬ್ಯಾಡಿ ಕಣವ್ವ, ನಾನು ತಿರುಗ್ಸಿ ಈ ಮನೆ ಕೂಸು ನಿಲ್ಸ್ಬುಟ್ಟೆ, ಕಾಲೂ ಕಳ್ಕಂಡೆ ಅಂದ್ರಿ. ಆಯಮ್ಮ ಏನೋ ಅಜ್ಜಿ ಮಾತು ಅಂತ ತಲೆ ಆಡಿಸಿದ್ರು. ಜಯನೂ ನಾನೂ ಒಬ್ಬರ ಮೊಖ ಒಬ್ಬರು ನೋಡ್ಕೊಂಡ್ವಿ. ನೀವು ಮರೆತಿರ್ತೀರಿ ಅನ್ಕೊಂಡಿದ್ವಿ ದೊಡ್ಡವ್ವ. ನೀವು ಇನ್ನೂ ಹೊತ್ಕೊಂಡೇ ಇದ್ರಿ.

ಜಯನಿಗೆ ಹೋದ ವಾರ ಫೋನ್ ಮಾಡ್ದೆ. ನಿನ್ನ ವಿಷಯ, ನೀನು ಹೂಂ ಅಂದ್ರೆ ಮಾತ್ರ ಹೇಳ್ತೀನಿ ಅಂದೆ. "ಬನ್ನಿ ಅಕ್ಕ. ನಾನೂ ಪಕ್ಕದಲ್ಲಿ ಕೂತಿರ್ತೀನಿ" ಅಂದ್ಲು. ಅವಳನ್ನ ಬೈಬೇಡಿ. ಬದುಕಬೇಕು ಅಂದೋಳು ಅವಳು, ಸುಳ್ಳು ಹೇಳ್ದೋಳು ನಾನು.

ಇದನ್ನ ಪವಿತ್ರನ ಫೋನಿಗೆ ಕಳಿಸ್ಬುಟ್ರೆ ಅವಳೇ ಓದಿ ಹೇಳ್ತಾಳೆ, ಅವಳ ಬಾಯಲ್ಲಿ ಕೇಳಿದ್ರೆ ನಿಮಗೆ ಅಷ್ಟು ಕೋಪ ಬರಲ್ಲ ಅಂತ ಒಂದು ಗಳಿಗೆ ಉಪಾಯ ಹೂಡಿದ್ದೆ. ನೋಡಿ ನನ್ನ ಬುದ್ಧಿ, ಈ ವಯಸ್ಸಲ್ಲೂ ನಿಮ್ಮನೆಯೋರ ಕೈಲೇ ಕೊಡಿಸೋಕೆ ಹೋಯ್ತದೆ. ಕಳ್ಸಲ್ಲ. ನಾಳೆ ಬೆಳಗ್ಗೆ ಈಗ ನಾನಿರೋ ಹುಣಸೂರಿಂದ ಮೊದಲ್ನೇ ಬಸ್ಸಿಗೆ ನಾನೇ ಬತ್ತೀನಿ. ನಿಮ್ಮ ಕಾಲ ಹತ್ರ ನೆಲದ ಮೇಲೆ ಕೂತು ನಾನೇ ಓದ್ತೀನಿ. ಕ್ಷಮಿಸಿ ಅಂತ ಕೇಳಲ್ಲ, ಅದು ನಿಮಗೆ ಬುಟ್ಟಿದ್ದು. ಎದ್ದೋಗು ಅಂದ್ರೆ ಎದ್ದೋಗ್ತೀನಿ.

ನಿಮಗೆ ಈಗ ಕಿವಿ ಮಂದ, ಜೋರಾಗಿ ಓದ್ಬೇಕು, ಬೀದಿಗೆಲ್ಲ ಕೇಳ್ತದೆ. ಕೇಳ್ಲಿ. ಬೆಟ್ಟದ ಮೇಲಿರೋನು ನಿಮ್ಮ ಮೇಲೆ ಮುನಿಸ್ಕೊಂಡಿರ್ಲಿಲ್ಲ ದೊಡ್ಡವ್ವ. ಒಂದು ದಿನಾನೂ.